ಓಪಲ್ ಹ್ಯಾಗುಡ್ ಮನೆ ಊರೊಳಗೆ ಬಂದದ್ದು

ಓಪಲ್ ಹ್ಯಾಗುಡ್ ಗೆದ್ದಳೋ ಸೋತಳೋ ಎಂದು ನಮ್ಮ ಕಾರ್ಖಾನೆಯಲ್ಲಿ ಈಗಲೂ ವಾದ ಮಾಡುವವರಿದ್ದಾರೆ. ನಾನು ಆ ವಾದಕ್ಕೆ ಇಳಿಯುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಅವಳ ಪಕ್ಕದಲ್ಲೇ ಇದ್ದವಳು ನಾನು. ನನಗೇ ತಿಳಿಯದ್ದು ಊಟದ ಕೋಣೆಯಲ್ಲಿ ಕೂತು ಮಾತಾಡುವವರಿಗೆ ಹೇಗೆ ತಿಳಿದೀತು?

ನಾವಿಬ್ಬರೂ ಪರದೆ ವಿಭಾಗದವರು. ಉತ್ತರ ಅಲಬಾಮಾದ ನಮ್ಮ ಗುಡ್ಡಗಳ ಕಡೆ ಮನೆ ಕಟ್ಟುವುದು ಅಂದರೆ ಗಾರೆ ಕೆಲಸವಲ್ಲ, ಕಾರ್ಖಾನೆ ಕೆಲಸ. ಶೆಡ್ಡಿನ ಒಂದು ತುದಿಯಲ್ಲಿ ಕಬ್ಬಿಣದ ಚೌಕಟ್ಟು ಒಳಗೆ ಬರುತ್ತದೆ. ಮುಂದೆ ಸಾಗುತ್ತಾ ಸಾಗುತ್ತಾ ನೆಲ, ಗೋಡೆ, ಸೂರು, ಬಚ್ಚಲು, ಒಲೆ ಎಲ್ಲ ಅದಕ್ಕೆ ಕೂಡಿಕೊಳ್ಳುತ್ತವೆ. ಇನ್ನೊಂದು ತುದಿಯಿಂದ ಅದು ಮನೆಯಾಗಿ, ಗಾಲಿಗಳ ಮೇಲೆ ಹೊರಗೆ ಹೋಗುತ್ತದೆ. ಹೋಗುವ ಮುಂಚೆ ಕಿಟಕಿಗಳಿಗೆ ಪರದೆ ಹೊಲಿದು ಹಾಕುವವರು ನಾನು, ಓಪಲ್ ಮತ್ತು ಇನ್ನು ಕೆಲವು ಹೆಂಗಸರು. ಓಪಲ್ ಗಂಡ ಹಾಯ್ಟ್ ಆ ಮನೆಗಳನ್ನು ಲಾರಿಗೆ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದ. ಅವನು ಎದೆನೋವಿನಿಂದ ತೀರಿಕೊಂಡ ಮೇಲೆ ಅವಳು ಒಂಟಿ. ಮಕ್ಕಳಿರಲಿಲ್ಲ.

ಅವಳು ಇದ್ದದ್ದು ನಾವೇ ಕಟ್ಟಿದ ಒಂದು ಹಳೆಯ ಮನೆಯಲ್ಲಿ. ಈಗಿನವರು ಕೊಳ್ಳುವುದು ಎರಡು ತುಂಡು ತಂದು ನಡುವೆ ಸೇರಿಸುವ ಜೋಡಿ ಮನೆ. ಓಪಲ್‌ದು ಒಂದೇ ತುಂಡಿನ, ರೈಲು ಡಬ್ಬಿಯಂತೆ ಉದ್ದಕ್ಕಿರುವ ಒಂಟಿ ಮನೆ. ಅದು ಬೇರೊಬ್ಬರ ಜಾಗದಲ್ಲಿ, ಸಾಲಾಗಿ ನಿಂತ ಇಂಥವೇ ಮನೆಗಳ ನಡುವೆ ನಿಂತಿತ್ತು. ಮನೆ ತನ್ನದು, ನೆಲ ಬಾಡಿಗೆಯದು. ನನ್ನದೂ ಅದೇ ಸಾಲಿನಲ್ಲಿ, ಎರಡು ಮನೆ ಆಚೆಗೆ. ನಮಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ನಮ್ಮ ಕಡೆಯ ಅರ್ಧ ಜನ ಹಾಗೇ ಇರುವುದು.

ಹೀಗಿರುವಾಗ ಓಪಲ್‌ಳ ಚಿಕ್ಕಮ್ಮ ಜೂಲಾ ಸತ್ತರು. ಮೆರಿನ್ ಎಂಬ ಪಕ್ಕದ ಊರಿನ ಒಳಗೆ, ಒಳ್ಳೆಯ ಬೀದಿಯಲ್ಲಿ, ಅವರದ್ದೊಂದು ನಿವೇಶನ ಇತ್ತು. ಅದರ ಮೇಲಿದ್ದ ಮರದ ಮನೆ ಎಂದೋ ಸುಟ್ಟು ಹೋಗಿ, ಹಿಂಭಾಗದಲ್ಲಿ ಅಕ್ರೋಟಿನಂಥ ಕಾಯಿ ಬಿಡುವ ಒಂದು ದೊಡ್ಡ ಪೆಕಾನ್ ಮರ ಮಾತ್ರ ಉಳಿದಿತ್ತು. ಎರಡೂ ಕಡೆ ಇಟ್ಟಿಗೆ ಮನೆಗಳು. ಆ ನಿವೇಶನ ಓಪಲ್ ಪಾಲಿಗೆ ಬಂತು. ಅವಳು ಆ ಸುದ್ದಿ ಹೇಳಿದ ದಿನ ಹೊಲಿಗೆ ಯಂತ್ರದ ಮುಂದೆ ಕೂತು ಸುಮ್ಮಸುಮ್ಮನೆ ನಗುತ್ತಿದ್ದಳು. ತನ್ನ ಮನೆಯನ್ನು ಎಳೆಸಿಕೊಂಡು ಹೋಗಿ ತನ್ನದೇ ನೆಲದ ಮೇಲೆ ಇಟ್ಟುಕೊಳ್ಳುವುದು, ಅಷ್ಟೇ ಅವಳ ಯೋಚನೆ. ಅದಕ್ಕೆ ಯಾರ ಅಪ್ಪಣೆ ಬೇಕಾದೀತು ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಮೆರಿನ್ ಪುರಸಭೆಯಲ್ಲಿ ಟ್ರೂಡಿ ಎಂಬ ಗುಮಾಸ್ತೆ ಇದ್ದಳು. ಒಳ್ಳೆಯ ಹೆಂಗಸೇ. ಓಪಲ್ ವಿಷಯ ಹೇಳಿದ ಕೂಡಲೇ ಅವಳ ಮುಖ ಸಣ್ಣಗಾಯಿತು. ಊರಿನ ಗಡಿಯೊಳಗೆ ಟ್ರೇಲರ್ ಇಡುವ ಹಾಗಿಲ್ಲ, ಅದು ಹಳೆಯ ನಿಯಮ, ಎಂದಳು. ಟ್ರೇಲರ್ ಎನ್ನುವುದು ಗಾಲಿ ಮೇಲೆ ಬರುವ ನಮ್ಮಂಥ ಮನೆಗಳಿಗೆ ಜನ ಇಟ್ಟಿರುವ ಕೀಳು ಹೆಸರು.

"ಟ್ರೇಲರ್ ಅಲ್ವಲ್ಲ, ಅದು ನನ್ನ ಮನೆ" ಎಂದಳು ಓಪಲ್.

"ಗಾಲಿ ಇದ್ಯಾ ಮಿಸ್ ಓಪಲ್?" ನಮ್ಮ ಕಡೆ ಹಿರಿಯ ಹೆಂಗಸರನ್ನು, ಮದುವೆಯಾಗಿದ್ದರೂ, ಮಿಸ್ ಎಂದೇ ಕರೆಯುವುದು.

"ಇಲ್ಲ. ಇಟ್ಟ ದಿನಾನೇ ಬಿಚ್ಚಿಬಿಟ್ರು."

"ಮೊದ್ಲು ಇತ್ತಾ?"

"ಮೊದ್ಲು ಇತ್ತು. ನನಗೂ ಮೊದ್ಲು ಹಾಲು ಹಲ್ಲಿತ್ತು. ಅದಕ್ಕೆ ನನ್ನನ್ನ ಈಗ್ಲೂ ಮಗು ಅಂತೀಯಾ?"

ಟ್ರೂಡಿ ನಕ್ಕಳು, ಆದರೆ ಅಪ್ಪಣೆ ಕೊಡಲಿಲ್ಲ. ಪುರಸಭೆಯ ಮುಂದೆ ಕೇಳಿಕೊಳ್ಳಬಹುದು ಎಂದಳು. ಓಪಲ್ ಹೋಗಿ ಕೇಳಿಕೊಂಡಳು. ಅಲ್ಲಿ ಅವಳಿಗೆ ವಿರುದ್ಧವಾಗಿ ಮೊದಲು ಕೈ ಎತ್ತಿದವರು ಬರ್ಲ್ ಲ್ಯಾಂಡ್ರಮ್. ಅವರು ಶಾಲೆಯಲ್ಲಿ ಬ್ಯಾಂಡು ಕಲಿಸಿ ನಿವೃತ್ತರಾದ ಮೇಷ್ಟ್ರು, ಪುರಸಭೆಯ ಸದಸ್ಯರು. ಜೂಲಾ ಚಿಕ್ಕಮ್ಮನ ನಿವೇಶನದ ಪಕ್ಕದ ಇಟ್ಟಿಗೆ ಮನೆ ಅವರದೇ. ಒಂದು ಬಂದರೆ ಹಿಂದೆಯೇ ಹತ್ತು ಬರುತ್ತವೆ, ಬೀದಿಯ ಬೆಲೆ ಇಳಿಯುತ್ತದೆ ಎಂದು ಅವರ ವಾದ. ಕೈ ಎತ್ತಿದ್ದೇನೋ ಸರಿ. ಆದರೆ ಸಭೆ ಮುಗಿದ ಮೇಲೆ ಅವರೇ ಹೊರಗೆ ಬಂದು, ತಮ್ಮ ತೋಟದ ಅಂಜೂರದ ಹಣ್ಣಿನ ಒಂದು ಚೀಲವನ್ನು ಓಪಲ್ ಕೈಗೆ ಕೊಟ್ಟು, ನಿಮ್ಮ ಚಿಕ್ಕಮ್ಮನಿಗೆ ಇವು ಬಹಳ ಇಷ್ಟವಾಗಿದ್ದವು ಎಂದರು. ಓಪಲ್ ಅದನ್ನು ಇಸಿದುಕೊಂಡು ಥ್ಯಾಂಕ್ಸ್ ಹೇಳಿದಳು. ಕಾರಿನಲ್ಲಿ ಕೂತ ಮೇಲೆ ನನ್ನ ಮುಖ ನೋಡಿದಳು.

"ಜೋ, ಈ ಮನುಷ್ಯನ ಮೇಲೆ ನಾನು ಸಿಟ್ಟು ಮಾಡ್ಕೋಬೇಕೋ ಬೇಡ್ವೋ?"

ನಾನು ಆಗಲೇ ಒಂದು ಹಣ್ಣು ತಿನ್ನುತ್ತಿದ್ದೆ.

ಈ ಕಥೆ ಕಾರ್ಖಾನೆಯಲ್ಲಿ ಬಾಯಿಂದ ಬಾಯಿಗೆ ಹೋಗಿ ಮ್ಯಾನೇಜರ್ ಕಿವಿಗೆ ಬಿತ್ತು. ಅವರು ಸಂಘಕ್ಕೆ ಹೇಳಿದರು. ನಾವು ಸಂಘ ಎನ್ನುವುದು ಕಾರ್ಖಾನೆ ಮನೆಗಳ ಉದ್ಯಮದವರೆಲ್ಲ ಸೇರಿ ರಾಜಧಾನಿಯಲ್ಲಿ ಇಟ್ಟುಕೊಂಡಿರುವ ಸಂಘಕ್ಕೆ. ಉದ್ಯಮದ ಪರವಾಗಿ ಶಾಸಕರ ಬೆನ್ನು ಹತ್ತುವುದು, ಕಾನೂನು ಬಂದಾಗ ವಾದಿಸುವುದು ಅದರ ಕೆಲಸ. ಅಷ್ಟು ವರ್ಷ ಆ ಕಾರ್ಖಾನೆಯಲ್ಲಿ ದುಡಿದಿದ್ದರೂ ಸಂಘದ ಮುಖ ನಾವು ನೋಡಿರಲಿಲ್ಲ. ಆ ವಾರ ನೋಡಿದೆವು. ಕಾರ್ಯದರ್ಶಿ ಗ್ರೇಡಿ ವಿಕರಿ ತಾವೇ ಬಂದು, ನಮ್ಮ ಊಟದ ಮೇಜಿನಲ್ಲಿ, ನಮ್ಮ ಎದುರಿಗೇ ಕೂತರು. ಐವತ್ತರ ಆಸುಪಾಸಿನ ಎತ್ತರದ ಆಳು, ಬಿಳಿ ಅಂಗಿ, ಮೆತ್ತಗಿನ ಮಾತು. ಯಾರು ಕೊಟ್ಟರೋ, ಜೋಳದ ಬ್ರೆಡ್ಡಿನ ತುಂಡೊಂದನ್ನು ಮುರಿದು ತಿನ್ನುತ್ತಾ ಓಪಲ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ನಡುವೆ ಅವಳು ಟ್ರೇಲರ್ ಎಂದಾಗ ಮಾತ್ರ ಬೆರಳೆತ್ತಿ, ಹಾಗನ್ನಬಾರದು, ಕಾರ್ಖಾನೆ ಮನೆ ಅನ್ನಬೇಕು ಎಂದು ತಿದ್ದಿದರು.

ಮೆರಿನ್‌ನಂಥ ಊರುಗಳು ರಾಜ್ಯದ ತುಂಬ ಇವೆಯಂತೆ. ಅವುಗಳ ಬಾಗಿಲು ತೆಗೆಸಲು ಸಂಘ ಒಂದು ಮಸೂದೆ ತರಿಸುತ್ತಿದೆಯಂತೆ. ಯಾವ ಊರೂ ಕಾರ್ಖಾನೆ ಮನೆ ಎಂಬ ಒಂದೇ ಕಾರಣಕ್ಕೆ ಬೇಡ ಅನ್ನುವಂತಿಲ್ಲ, ಇದು ಅದರ ಸಾರ. ಆದರೆ ಶಾಸಕರಿಗೆ ಕಾರ್ಖಾನೆ ಮಾಲೀಕರ ಮಾತು ಕೇಳಿ ಕೇಳಿ ಸಾಕಾಗಿದೆ, ಅಂಥ ಮನೆಯಲ್ಲಿ ಬಾಳುವವರ ಬಾಯಿಂದ ಕೇಳಬೇಕು, ನೀವು ಬಂದು ಮಾತಾಡಬೇಕು ಎಂದರು.

ಓಪಲ್ ಕೇಳಿದಳು: "ನಿಮ್ಮ ಸಂಘದಲ್ಲಿ ಯಾರ್ಯಾರು ಇದ್ದಾರೆ ಸರ್?"

"ಕಾರ್ಖಾನೆಯೋರು, ಮಾರೋರು, ಸಾಗಿಸೋರು, ಸಾಲ ಕೊಡೋರು, ವಿಮೆಯೋರು. ಮನೆಗೆ ನೆಲ ಬಾಡಿಗೆ ಕೊಡೋರೂ ಇದ್ದಾರೆ."

"ಮನೇಲಿ ಇರೋರು?"

ವಿಕರಿ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟರು. "ಅವರನ್ನ ಸದಸ್ಯರು ಅಂತ ಮಾಡ್ಕೊಳ್ಳೋ ಪದ್ಧತಿ ಇಲ್ಲ ಮಿಸ್ ಓಪಲ್. ಆದ್ರೆ ನಾವೆಲ್ಲ ಇರೋದು ಅವರಿಂದ ತಾನೆ?"

ಇದು ಉತ್ತರವೋ ಅಲ್ಲವೋ ಎಂದು ಅವರು ಹೋದ ಮೇಲೆ ನಾವು ಬಹಳ ಮಾತಾಡಿದೆವು. ಓಪಲ್‌ಗೆ ಅವರು ಇಷ್ಟವಾಗಿದ್ದರು. ನನಗೂ. ಬರುತ್ತೇನೆ, ಆದರೆ ಜೋ ಜೊತೆಗಿರಬೇಕು ಎಂದು ಅವಳು ಹೇಳಿ ಕಳಿಸಿದಳು.

ರಾಜಧಾನಿ ಮಾಂಟ್ಗೊಮರಿಗೆ ಹೋದ ದಿನ ವಸಂತದ ಬಿಸಿಲು. ವಿಧಾನಸೌಧದ ಪಕ್ಕದ ಮೈದಾನದಲ್ಲಿ ಸಂಘದವರು ಒಂದು ಇಡೀ ಜೋಡಿ ಮನೆಯನ್ನೇ ತಂದು ಜೋಡಿಸಿ ನಿಲ್ಲಿಸಿದ್ದರು. ಮುಂದೆ ಜಗಲಿ, ಹೂವಿನ ಕುಂಡ, ಇಳಿಜಾರು ಸೂರು, ಮನೆಯ ಅಡಿಭಾಗ ಮುಚ್ಚುವಂತೆ ಸುತ್ತ ಇಟ್ಟಿಗೆಯ ಅಡಿಗೋಡೆ. ಒಳಗೆ ಮೇಜಿನ ಮೇಲೆ ಕರಿದ ಕೋಳಿ, ಬಾಳೆಹಣ್ಣಿನ ಪುಡಿಂಗು, ಸಕ್ಕರೆ ಹಾಕಿದ ತಣ್ಣನೆ ಚಹಾ. ಶಾಸಕರು ಗುಂಪು ಗುಂಪಾಗಿ ಬಂದು ತಿಂದು, ಗೋಡೆ ತಟ್ಟಿ ನೋಡಿ, ಟ್ರೇಲರ್ ಥರ ಕಾಣೋದೇ ಇಲ್ಲವಲ್ಲ ಎಂದು ಹೊಗಳುತ್ತಿದ್ದರು. ಹಾಗೆ ಅವರು ಅಂದಾಗ ಸಂಘದವರು ಬೆರಳೆತ್ತಿ ತಿದ್ದಲಿಲ್ಲ. ಖುಷಿಯಿಂದ ತಲೆಯಾಡಿಸಿದರು.

ಓಪಲ್ ಊಟ ಬಿಟ್ಟು ಕಿಟಕಿಯ ಹತ್ತಿರ ಹೋಗಿ ಪರದೆಯ ಅಂಚನ್ನು ಮಗುಚಿ ನೋಡಿದಳು. ಅದು ಅವಳ ಕೈಯ ಹೊಲಿಗೆ. ಅಲ್ಲಿದ್ದ ಯಾರಿಗಾದರೂ ಹೇಳಬೇಕು ಅನ್ನಿಸಿತಂತೆ, ಯಾರಿಗೆ ಎಂದು ತಿಳಿಯಲಿಲ್ಲವಂತೆ. ಒಬ್ಬ ಹೆಂಗಸು ಬಂದು, ನೀವು ಇಂಥ ಮನೆಯಲ್ಲೇ ಇರುವುದಾ, ಎಷ್ಟು ಚೆನ್ನಾಗಿದೆ ಎಂದಳು. ನನ್ನದು ಇಂಥದ್ದಲ್ಲ ಎಂದು ಓಪಲ್ ಹೇಳುವಷ್ಟರಲ್ಲಿ ವಿಕರಿ ಬಂದು, ಹೊತ್ತಾಯಿತು ಎಂದು ಕರೆದುಕೊಂಡು ಹೋದರು. ಹೋಗುವ ಮುಂಚೆ ಜಗಲಿಯ ಮೇಲೆ ನಿಲ್ಲಿಸಿ ಒಂದು ಫೋಟೋ ತೆಗೆಸಿದರು.

ಸಮಿತಿಯ ಕೋಣೆ ತಣ್ಣಗಿತ್ತು. ಊರುಗಳ ಪರವಾಗಿ ಮಾತಾಡಲು ಬಂದವರು ಇನ್ನೊಂದು ಬದಿಯ ಕುರ್ಚಿಗಳಲ್ಲಿ ಕೂತಿದ್ದರು. ಅವರ ನಡುವೆ ಬರ್ಲ್ ಲ್ಯಾಂಡ್ರಮ್! ನಮ್ಮನ್ನು ನೋಡಿ ಎದ್ದು ನಿಂತು ತಲೆಬಾಗಿ, ಮತ್ತೆ ಕೂತರು.

ಓಪಲ್ ಚೆನ್ನಾಗಿಯೇ ಮಾತಾಡಿದಳು. ಹಾಯ್ಟ್ ಬಗ್ಗೆ, ಜೂಲಾ ಚಿಕ್ಕಮ್ಮನ ಬಗ್ಗೆ, ಪೆಕಾನ್ ಮರದ ಬಗ್ಗೆ ಹೇಳಿದಳು. ಮುಗಿಸುವಾಗ, ನಾನು ಈ ರಾಜ್ಯದಲ್ಲಿ ಬಹಳ ಮನೆಗಳಿಗೆ ಪರದೆ ಹಾಕಿದೀನಿ, ನನ್ನ ಕಿಟಕಿ ಹೊರಗೂ ಒಂದು ಒಳ್ಳೇ ನೋಟ ಬೇಕು, ಅಷ್ಟೇ ಎಂದಳು. ಆಗ ತೆಂಕಣದ ಒಬ್ಬ ಮುದಿ ಶಾಸಕರು ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ಸುಂಟರಗಾಳಿ ಬಂದಾಗ ನೀವು ಎಲ್ಲಿರ್ತೀರಮ್ಮ?"

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ವಿಕರಿ ಮೊದಲೇ ಹೇಳಿಕೊಟ್ಟಿದ್ದರು. ಹೊಸ ಮನೆಗಳನ್ನು ನೆಲಕ್ಕೆ ಹೇಗೆ ಉಕ್ಕಿನ ಪಟ್ಟಿಗಳಿಂದ ಬಿಗಿಯುತ್ತಾರೆ, ಹೊಸ ನಿಯಮ ಎಷ್ಟು ಕಟ್ಟುನಿಟ್ಟು, ಎಂದು ಹೇಳಬೇಕಿತ್ತು. ಓಪಲ್‌ಗೆ ಒಂದೂ ನೆನಪಾಗಲಿಲ್ಲ.

"ಮೆರಿನ್ ಚರ್ಚಿನ ನೆಲಮಾಳಿಗೇಲಿ ಸರ್."

ವಿಕರಿ ಕಣ್ಣು ಮುಚ್ಚಿಕೊಂಡದ್ದು ನನಗೆ ಕಂಡಿತು.

"ಅಂದ್ರೆ ನಿಮ್ಮ ಮನೇಲಿರೋಕೆ ನಿಮಗೇ ಹೆದರಿಕೆ."

"ಹೆದರಿಕೇನೇ ಸರ್. ಎಲ್ರಿಗೂ ಇರುತ್ತಲ್ಲ. ಹೋದ ಏಪ್ರಿಲ್‌ನಲ್ಲಿ ನಾನು ಓಡಿ ಹೋಗೋ ಹೊತ್ತಿಗೆ ಲ್ಯಾಂಡ್ರಮ್ ಮೇಷ್ಟ್ರು ಆಗ್ಲೇ ಒಳ್ಳೇ ಕುರ್ಚಿ ಹಿಡ್ಕೊಂಡು ಕೂತಿದ್ರು. ಅವರದ್ದು ಇಟ್ಟಿಗೆ ಮನೆ."

ಕೋಣೆಯೆಲ್ಲ ನಗುವಿನಲ್ಲಿ ಮುಳುಗಿತು. ಮುದಿ ಶಾಸಕರೂ ನಕ್ಕರು. ಲ್ಯಾಂಡ್ರಮ್ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಓಪಲ್ ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದಳು. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ್ದಳು, ಅಷ್ಟೇ. ಹೊರಗೆ ಬಂದ ಮೇಲೆ ವಿಕರಿ ಅವಳ ಎರಡೂ ಕೈ ಹಿಡಿದು, ಇಪ್ಪತ್ತು ವರ್ಷದಿಂದ ಆ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ ಎಂದರು. ಯಾವ ಉತ್ತರ ಕೊಟ್ಟೆ ಎಂದು ಅವಳು ನನ್ನನ್ನು ಕೇಳಿದಳು.

ಆಮೇಲೆ ಹತ್ತಿರದ ಹೋಟೆಲಿನಲ್ಲಿ ಇನ್ನೊಂದು ನೋಡಿದೆವು. ಕೋಣೆಯೊಳಗೆ ವಿಕರಿಯನ್ನು ಹರಿದು ಹಾಕುವಂತೆ ಮಾತಾಡಿದ್ದ ಊರುಗಳ ಕಡೆಯ ವಕೀಲ ಈಗ ಅವರ ಹೆಗಲ ಮೇಲೆ ಕೈ ಹಾಕಿಕೊಂಡು, ಮೀನು ಹಿಡಿಯಲು ಯಾವಾಗ ಹೋಗೋಣ ಎಂದು ಕೇಳುತ್ತಿದ್ದ. ಇಬ್ಬರೂ ಒಂದೇ ತಟ್ಟೆಯಿಂದ ಆಲೂ ಚೂರು ತಿಂದರು.

"ಇವರಿಬ್ರೂ ಶತ್ರುಗಳಲ್ವೇನೆ?" ಎಂದು ಓಪಲ್ ಪಿಸುಗುಟ್ಟಿದಳು.

"ನಾನೂ ಹಾಗೇ ಅನ್ಕೊಂಡಿದ್ದೆ."

"ಹಾಗಾದ್ರೆ ಒಳಗೆ ಜಗಳ ಆಡಿದ್ದು ಯಾರು, ನಾನೊಬ್ಳೇನಾ?"

ಬೇಸಿಗೆ ಬರುವ ಹೊತ್ತಿಗೆ ಮಸೂದೆ ಪಾಸಾಯಿತು. ಕಾರ್ಖಾನೆಯಲ್ಲಿ ಯಂತ್ರ ನಿಲ್ಲಿಸಿ ಕೇಕು ಕತ್ತರಿಸಿದರು. ವಿಕರಿ ಬಂದು ಓಪಲ್ ಹೆಸರು ಕೆತ್ತಿಸಿದ ಮರದ ಫಲಕ ಕೊಟ್ಟು, ರಾಜ್ಯದಲ್ಲಿ ಎಲ್ಲರೂ ಇದನ್ನು ಓಪಲ್ ಕಾನೂನು ಅಂತಲೇ ಕರೆಯುತ್ತಾರೆ ಎಂದರು. ಮ್ಯಾನೇಜರ್ ಅತ್ತುಬಿಟ್ಟರು. ಮಾರನೆಯ ದಿನವೇ ಓಪಲ್ ಕೆಲಸಕ್ಕೆ ರಜೆ ಹಾಕಿ, ಒಳ್ಳೆಯ ಉಡುಪು ಹಾಕಿಕೊಂಡು ಮೆರಿನ್ ಪುರಸಭೆಗೆ ಹೋದಳು. ನಾನೂ ಹೋದೆ.

ಟ್ರೂಡಿ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. ಹೊಸ ಕಾನೂನಿನ ಪ್ರತಿ ಅವಳ ಮೇಜಿನ ಮೇಲೆ ಬಂದಿತ್ತು. ಬೆರಳಿಟ್ಟು ಓದುತ್ತಾ ಹೋದವಳು ಒಂದು ಕಡೆ ನಿಂತಳು. ಮತ್ತೆ ಮೊದಲಿನಿಂದ ಓದಿದಳು. ಊರುಗಳು ಬೇಡ ಅನ್ನುವಂತಿಲ್ಲ, ಅದು ನಿಜ. ಆದರೆ ಯಾವುದನ್ನು? ಎರಡು ತುಂಡಿನ ಜೋಡಿ ಮನೆಯನ್ನು ಮಾತ್ರ. ಅದಕ್ಕೂ ಸೂರು ಇಷ್ಟು ಇಳಿಜಾರಾಗಿರಬೇಕು, ಇಟ್ಟಿಗೆಯ ಅಡಿಗೋಡೆ ಇರಬೇಕು, ಮನೆ ಇತ್ತೀಚಿನದಾಗಿರಬೇಕು. ಉಳಿದವನ್ನು ಊರುಗಳು ತಮಗೆ ತೋಚಿದಂತೆ ಮಾಡಿಕೊಳ್ಳಬಹುದು.

"ನಿಮ್ಮದು ಒಂಟಿ ಮನೆ ಅಲ್ವಾ?" ಎಂದಳು ಟ್ರೂಡಿ. ಅವಳ ದನಿ ಇಳಿದಿತ್ತು.

"ಹೌದು. ಆದ್ರೆ ಕಾನೂನು ನನ್ನದು" ಎಂದಳು ಓಪಲ್.

"ಕಾನೂನು ನಿಮ್ಮದೇ. ಮನೆ ಬರಲ್ಲ."

ಓಪಲ್ ಇನ್ನೊಮ್ಮೆ ಓದಿಸಿದಳು. ಟ್ರೂಡಿ ಓದಿದಳು. ಪ್ರತಿ ಸಲವೂ ಅದು ಅದನ್ನೇ ಹೇಳಿತು.

ಅಂದು ಸಂಜೆ ಅವಳು ವಿಕರಿಗೆ ಫೋನ್ ಮಾಡಿ, ಜಗಳವಾಡದೆ, ಅರ್ಥವಾಗಲಿಲ್ಲ ಬಂದು ಹೇಳಿ ಎಂದಳು. ಆ ವಾರದ ಕೊನೆಗೆ ಅವರು ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬಂದರು. ಫೋನಿನಲ್ಲೇ ಸುಮ್ಮನಾಗಿಸಬಹುದಿತ್ತು, ಬಂದರು ಅನ್ನುವುದನ್ನು ನಾನು ಹೇಳಲೇಬೇಕು. ಓಪಲ್ ಮನೆಯ ಮೆಟ್ಟಿಲ ಮೇಲೆ ನಾವು ಮೂವರೂ ಕೂತೆವು. ಮತದಾನಕ್ಕೆ ಸ್ವಲ್ಪ ಮುಂಚೆ ಊರುಗಳ ಕಡೆಯವರು ಹಟ ಹಿಡಿದರಂತೆ. ಹಳೆಯ ಒಂಟಿ ಮನೆಗಳನ್ನು ಸೇರಿಸಿದರೆ ಇಡೀ ಮಸೂದೆಯನ್ನೇ ಮುಳುಗಿಸುತ್ತೇವೆ, ಅವನ್ನು ಕೈಬಿಟ್ಟರೆ ತಡೆಯುವುದಿಲ್ಲ, ಎಂದರಂತೆ. ಸಂಘದ ಹಿರಿಯರು ಒಂದೇ ಕ್ಷಣದಲ್ಲಿ ಒಪ್ಪಿದರಂತೆ. ಕಾರ್ಖಾನೆಗಳು ಈಗ ಮಾಡಿ ಮಾರುವುದು ಹೆಚ್ಚಾಗಿ ಜೋಡಿ ಮನೆಗಳನ್ನೇ.

"ಎಲ್ಲಾ ಬೇಕು ಅಂದಿದ್ರೆ ಏನೂ ಸಿಗ್ತಿರ್ಲಿಲ್ಲ ಮಿಸ್ ಓಪಲ್. ಈಗ ಸಾವಿರಾರು ಜನಕ್ಕೆ ಬಾಗಿಲು ತೆಗೀತು."

"ಅದು ಒಳ್ಳೇದೇ ಆಯ್ತು" ಎಂದಳು ಓಪಲ್. ಅವಳು ಕೊಂಕು ಮಾತಾಡುವವಳಲ್ಲ. "ಆದ್ರೆ ಆ ದಿನ ನಾನಲ್ಲಿ ನಿಂತು ಹೇಳಿದ್ದು ಯಾವ ಮನೆ ವಿಷಯ? ಇದೇ ಅಲ್ವಾ?"

"ಇದೇ."

"ಅದು ನಿಮಗೆ ಆಗ್ಲೂ ಗೊತ್ತಿತ್ತು."

"ಗೊತ್ತಿತ್ತು." ವಿಕರಿ ಬೂಟಿನ ತುದಿಯನ್ನು ನೋಡುತ್ತಿದ್ದರು. "ಹೇಳೋಕೆ ಬಾಯಿ ಬರ್ಲಿಲ್ಲ. ಕೇಕು ಕತ್ತರಿಸೋ ದಿನಾನೂ ಹೇಳ್ಬೇಕು ಅಂತಾನೇ ಬಂದಿದ್ದೆ."

ಹೊಸ ಜೋಡಿ ಮನೆ ಬೇಕಾದರೆ ಕಾರ್ಖಾನೆಗೆ ಹೇಳಿ ಲಾಭವಿಲ್ಲದೆ ಕೊಡಿಸುತ್ತೇನೆ ಎಂದರು. ಓಪಲ್ ತಲೆಯಲ್ಲಾಡಿಸಿದಳು. ಒಬ್ಬಳಿಗೆ ಅಷ್ಟು ದೊಡ್ಡ ಮನೆ ಏಕೆ, ಈ ವಯಸ್ಸಿನಲ್ಲಿ ಸಾಲ ಏಕೆ. ಮೇಲಾಗಿ ಈ ಮನೆಯನ್ನು ಇಲ್ಲಿಗೆ ಎಳೆದು ತಂದವನು ಹಾಯ್ಟ್. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಗೊತ್ತಿತ್ತು. ವಿಕರಿ ಹೊರಟಾಗ ಅವಳು ಅವರಿಗೆ ಟೊಮೇಟೊ ಕೊಟ್ಟು ಕಳಿಸಿದಳು. ಅವರ ಕಾರು ಮರೆಯಾದ ಮೇಲೆ, "ಲ್ಯಾಂಡ್ರಮ್ ಮೇಷ್ಟ್ರು ನನಗೆ ಅಂಜೂರ ಕೊಟ್ರು, ನಾನು ಇವರಿಗೆ ಟೊಮೇಟೊ ಕೊಟ್ಟೆ. ಯಾರು ಯಾರಿಗೆ ಏನು ಮಾಡಿದ್ವಿ ಅಂತಾನೇ ತಿಳೀತಿಲ್ಲ" ಎಂದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಸುಗ್ಗಿಯ ತಿಂಗಳು ಬಂತು. ಓಪಲ್ ಭಾನುವಾರಗಳಂದು ಚರ್ಚು ಮುಗಿಸಿಕೊಂಡು ಆ ಖಾಲಿ ನಿವೇಶನಕ್ಕೆ ಹೋಗಿ ಪೆಕಾನ್ ಕಾಯಿ ಆರಿಸುತ್ತಿದ್ದಳು. ಅಂಥ ಒಂದು ಭಾನುವಾರ ಲ್ಯಾಂಡ್ರಮ್ ಮೇಷ್ಟ್ರು ಬೇಲಿಯ ಆಚೆ ಬಂದು ನಿಂತರು. ನಾನು ಅವಳ ಜೊತೆ ಬಗ್ಗಿ ಕಾಯಿ ಆರಿಸುತ್ತಿದ್ದೆ. ನಿಮ್ಮ ಕಾನೂನು ಓದಿದೆ ಎಂದರು. ನನ್ನ ಕಾನೂನಲ್ಲ ಬಿಡಿ ಎಂದಳು ಓಪಲ್.

"ಹೊಸ ಮನೆ ತರ್ತೀರಾ?"

"ಇಲ್ಲ ಮೇಷ್ಟ್ರೇ."

"ಜಾಗ ಮಾರ್ತೀರಾ?"

"ಬೇರೆ ಏನ್ ಮಾಡ್ಲಿ? ಕೇಳಿದವರು ಇದ್ದಾರೆ."

ಮೇಷ್ಟ್ರು ಬೇಲಿಯ ಕಂಬ ಹಿಡಿದು ಅತ್ತಿತ್ತ ಅಲುಗಾಡಿಸಿದರು. ಈಗ ಯಾರು ಬೇಕಾದರೂ ಜೋಡಿ ಮನೆ ತಂದು ತಮ್ಮ ಪಕ್ಕದಲ್ಲಿ ಇಡಬಹುದು, ತಾವು ತಡೆಯುವಂತಿಲ್ಲ, ಎಂಬುದು ಅವರ ತಲೆಯಲ್ಲಿ ಕೊರೆಯುತ್ತಿತ್ತು. ಆಮೇಲೆ ಹೇಳಿದರು:

"ಬಾಗಿಲು ಹೇಗೂ ತೆಗೆದಾಯ್ತು. ಯಾರೋ ಬರೋದು ಖಂಡಿತ. ಗೊತ್ತಿಲ್ಲದೋರು ಬರೋದಕ್ಕಿಂತ ನೀವೇ ಬನ್ನಿ."

"ನನ್ನ ಮನೆ ಬರೋ ಹಾಗಿಲ್ಲವಲ್ಲ."

"ಪುರಸಭೆ ಮನಸ್ಸು ಮಾಡಿದ್ರೆ ಬರುತ್ತೆ. ನಾನು ಹೇಳ್ತೀನಿ. ಅಡಿಗೋಡೆ ಮಾತ್ರ ಕಟ್ಟಿಸ್ಬೇಕು. ಇಟ್ಟಿಗೆ ನನ್ನ ಹತ್ರ ಮಿಕ್ಕಿದ್ದಿವೆ."

ಓಪಲ್ ಮಡಿಲಿನಲ್ಲಿದ್ದ ಕಾಯಿಯೆಲ್ಲ ನೆಲಕ್ಕೆ ಬಿಟ್ಟಳು. ಹೋದ ವರ್ಷ ಬೇಡ ಎಂದು ಮೊದಲು ಕೈ ಎತ್ತಿದವರು ಇವರೇ ಅಲ್ಲವೇ ಎಂದು ನಾನು ಕೇಳಿಯೇಬಿಟ್ಟೆ. ಹೋದ ವರ್ಷ ಬಾಗಿಲು ಮುಚ್ಚಿತ್ತಲ್ಲ ಎಂದರು ಮೇಷ್ಟ್ರು. ಅದು ಸಾಕಷ್ಟು ಉತ್ತರವೆಂಬಂತೆ.

ಅವರು ಮಾತಿಗೆ ತಪ್ಪಲಿಲ್ಲ. ಪುರಸಭೆ ಸೇರಿದಾಗ ತಾವೇ ಪ್ರಸ್ತಾಪ ತಂದು, ಇದೊಂದು ಮನೆಗೆ ವಿನಾಯಿತಿ ಕೊಡಿಸಿದರು. ಯಾರೂ ಎದುರು ಮಾತಾಡಲಿಲ್ಲ. ಅವರೇ ಒಪ್ಪಿದ ಮೇಲೆ ಇನ್ನಾರು ಬೇಡ ಅನ್ನುತ್ತಾರೆ?

ಮನೆ ಎಳೆಸುವ ದಿನ ಗೊತ್ತುಮಾಡಿದ ಮೇಲೆ ಓಪಲ್ ಸಂತೋಷಕ್ಕೆ ವಿಕರಿಗೆ ಫೋನ್ ಮಾಡಿದಳು. ನಾನು ಅವಳ ಅಡುಗೆಮನೆಯಲ್ಲೇ ಇದ್ದೆ. ಮೊದಲು ಅವಳ ಮುಖ ಅರಳಿತ್ತು. ಆಮೇಲೆ ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ಹುಬ್ಬು ಗಂಟಾಯಿತು. ಹೂಂ, ಹೂಂ ಎನ್ನುತ್ತಾ ಹೋಗಿ, ಯೋಚನೆ ಮಾಡ್ತೀನಿ ಸರ್ ಎಂದು ಫೋನ್ ಇಟ್ಟಳು. ಸಂಘ ಮುಂದಿನ ವರ್ಷ ಇನ್ನೊಂದು ಮಸೂದೆ ತರುತ್ತದಂತೆ. ಕಾರ್ಖಾನೆ ಮನೆ ಕೊಳ್ಳುವವರಿಗೂ ಬೇರೆ ಮನೆಗಳಂತೆಯೇ ಸಾಲ ಸಿಗಬೇಕು ಎಂದು. ಇಂಥ ಹೊತ್ತಿನಲ್ಲಿ, ಓಪಲ್ ಕಾನೂನಿನ ಓಪಲ್ ತಾನೇ ಹಳೆಯ ಒಂಟಿ ಮನೆಯನ್ನು ಒಳ್ಳೆಯ ಬೀದಿಗೆ ತಂದಿಟ್ಟಿದ್ದಾಳೆ ಎಂದು ಎದುರಾಳಿಗಳು ಫೋಟೋ ತೆಗೆದು ಹಂಚಿದರೆ? ಸಂಘದ ಹಿರಿಯರಿಗೆ ಅದೇ ಭಯ. ಆ ಮಸೂದೆ ಮುಗಿಯುವವರೆಗೆ ಸ್ವಲ್ಪ ತಡೆಯಲು ಆಗುತ್ತದೆಯೇ ಎಂದು ವಿಕರಿ ಕೇಳಿದ್ದರು.

"ಹೋಗು ಅಂದೋರು ಬಾ ಅಂತಾರೆ. ಬಾ ಅಂದೋರು ತಡಿ ಅಂತಾರೆ" ಎಂದಳು ಓಪಲ್. "ಜೋ, ನಾನೇನಾದ್ರೂ ತಪ್ಪು ಕೇಳಿಸ್ಕೊಂಡ್ನಾ?"

ತಪ್ಪು ಕೇಳಿಸಿಕೊಂಡಿರಲಿಲ್ಲ. ಎರಡು ದಿನ ಅವಳು ಕೆಲಸದಲ್ಲಿ ಮಂಕಾಗಿದ್ದಳು. ವಿಕರಿಗೆ ಕೆಡುಕು ಮಾಡಲು ಅವಳಿಗೆ ಮನಸ್ಸಿರಲಿಲ್ಲ. ಆ ಸಾಲದ ಮಸೂದೆ ನಮ್ಮಂಥವರಿಗೆ ಒಳ್ಳೆಯದೇ ಎಂದೂ ಅವಳಿಗೆ ಅನ್ನಿಸುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ದಾರ ಕಚ್ಚಿ ಕಡಿಯುತ್ತಾ, "ನನ್ನ ಮನೆ ನೋಡಿ ಅವರಿಗೆ ನಾಚಿಕೆ ಆದ್ರೆ ಅದು ಅವರ ಕಷ್ಟ. ನನಗಂತೂ ಆಗಲ್ಲ" ಎಂದಳು. ಅಷ್ಟು ನಿಚ್ಚಳವಾಗಿ ಅವಳು ಮಾತಾಡಿದ್ದನ್ನು ಆ ವರ್ಷವಿಡೀ ನಾನು ಕೇಳಿದ್ದು ಅದೊಂದೇ ಸಲ.

ಹಾಯ್ಟ್ ಜೊತೆಗಾರನೊಬ್ಬ ಲಾರಿ ತಂದ. ಮನೆಯ ಅಡಿಗೆ ಮತ್ತೆ ಗಾಲಿ ಹಾಕಿ, ಅಗಲದ ಸರಕು ಬರುತ್ತಿದೆ ಎಂಬ ಬೋರ್ಡಿನ ಗಾಡಿ ಮುಂದೊಂದು ಹಿಂದೊಂದು ಇಟ್ಟುಕೊಂಡು, ತೆವಳಿಕೊಂಡು ಮೆರಿನ್‌ಗೆ ಹೋದರು. ಓಪಲ್ ನನ್ನ ಕಾರಿನಲ್ಲಿ ಕೂತು ಹಿಂದಿನಿಂದ ತನ್ನ ಮನೆಯ ಬೆನ್ನನ್ನೇ ನೋಡುತ್ತಿದ್ದಳು. ಬೀದಿಯ ತಿರುವಿನಲ್ಲಿ ಮನೆ ಹಿಡಿಸದೆ, ಲ್ಯಾಂಡ್ರಮ್ ಮೇಷ್ಟ್ರ ಅಂಗಳದ ಹುಲ್ಲಿನ ಮೇಲೆ ಗಾಲಿ ಹತ್ತಿಸಬೇಕಾಯಿತು. ಮೇಷ್ಟ್ರು ಬ್ಯಾಂಡು ನಡೆಸುವವರಂತೆ ಎರಡೂ ಕೈ ಎತ್ತಿ, ಬನ್ನಿ, ಬನ್ನಿ, ನಿಲ್ಲಿ ಎಂದು ತಾವೇ ಲಾರಿಗೆ ದಾರಿ ತೋರಿಸಿದರು. ಹುಲ್ಲು ಹಾಳಾಯಿತು ಎಂದು ಆಮೇಲೆ ಒಂದು ತಿಂಗಳು ಗೊಣಗಿದರು. ಇಟ್ಟಿಗೆ ಸಾಲದೆ ಹೋದಾಗ ಮತ್ತಷ್ಟು ತರಿಸಿ ಅಡಿಗೋಡೆ ಪೂರ್ತಿ ಮಾಡಿಸಿದವರೂ ಅವರೇ.

ಯಾರೂ ಫೋಟೋ ತೆಗೆಯಲು ಬರಲಿಲ್ಲ. ಆ ಸಾಲದ ಮಸೂದೆ ಬಿದ್ದುಹೋಯಿತು, ಅದಕ್ಕೆ ಬೇರೆ ಕಾರಣಗಳಿದ್ದವಂತೆ. ಚಳಿ ಕಳೆದ ಮೇಲೆ ಒಂದು ಶನಿವಾರ ವಿಕರಿ ಹೇಳದೆ ಕೇಳದೆ ಬಂದರು. ಮನೆಯ ಸುತ್ತ ಒಂದು ಸುತ್ತು ಹಾಕಿ ಅಡುಗೆಮನೆಯಲ್ಲಿ ಕೂತರು. ಓಪಲ್ ಚಹಾ ಕೊಟ್ಟಳು. ತಮ್ಮ ತಾಯಿ ಇಂಥದ್ದೇ ಒಂಟಿ ಮನೆಯಲ್ಲಿ ತಮ್ಮನ್ನು ಬೆಳೆಸಿದ್ದು, ಒಲೆ ಇದ್ದದ್ದೂ ಇದೇ ಮೂಲೆಯಲ್ಲಿ, ಎಂದರು. ಅದನ್ನು ಅಷ್ಟು ದೊಡ್ಡ ಸಭೆಗಳಲ್ಲಿ ಒಂದು ದಿನವಾದರೂ ಹೇಳಬಹುದಿತ್ತಲ್ಲ ಎಂದು ಓಪಲ್ ಕೇಳಿದಳು.

"ಸಂಘದಲ್ಲಿ ಒಂಟಿ ಮನೆ ಚಿತ್ರ ತೋರಿಸ್ಬಾರ್ದು ಅಂತಿದೆ" ಎಂದರು ವಿಕರಿ. "ಆ ನಿಯಮ ಬರೆದೋನೂ ನಾನೇ."

ಓಪಲ್ ಎದ್ದು ಹೋಗಿ ಪೆಕಾನ್ ಕಡುಬು ತಂದು ಅವರ ಮುಂದಿಟ್ಟಳು. ಅವರು ಎರಡು ತುಂಡು ತಿಂದು, ತಟ್ಟೆ ತೊಳೆದಿಟ್ಟು ಹೋದರು.

ಆಮೇಲೆ ಓಪಲ್ ಆ ಬೀದಿಯಲ್ಲಿ ಬಹಳ ವರ್ಷ ಬಾಳಿದಳು. ಕೆಲಸ ಬಿಟ್ಟ ಮೇಲೂ ಅಕ್ಕಪಕ್ಕದವರ ಪರದೆ ಹೊಲಿದುಕೊಡುತ್ತಿದ್ದಳು. ಬೀದಿಯ ತುದಿಗೆ ಒಂದು ಜೋಡಿ ಮನೆಯೂ ಬಂತು. ಅದು ಅವಳ ಹೆಸರಿನ ಕಾನೂನಿನಿಂದಲೇ ಬಂದದ್ದು, ಆದರೆ ಅದರಲ್ಲಿದ್ದ ಚಿಕ್ಕ ವಯಸ್ಸಿನ ಗಂಡಹೆಂಡತಿಗೆ ಓಪಲ್ ಎಂದರೆ ಯಾರು ಎಂದೇ ಗೊತ್ತಿರಲಿಲ್ಲ. ಅವಳೂ ಹೇಳಿಕೊಳ್ಳಲಿಲ್ಲ. ಒಮ್ಮೆ ಆ ಹುಡುಗಿ, ನೀವು ಈ ಬೀದಿಗೆ ಹೇಗೆ ಬಂದಿರಿ ಎಂದು ಕೇಳಿದಳಂತೆ. ಓಪಲ್ ಹೇಳಲು ಶುರುಮಾಡಿ, ಲ್ಯಾಂಡ್ರಮ್ ಮೇಷ್ಟ್ರಿಂದ ಸಂಘಕ್ಕೆ, ಸಂಘದಿಂದ ಮತ್ತೆ ಮೇಷ್ಟ್ರಿಗೆ ಹೋಗಿ, ನಡುವೆ ಸಿಕ್ಕಿಕೊಂಡು, ಕೊನೆಗೆ ಲಾರಿಯಲ್ಲಿ ಬಂದೆ ಕಣಮ್ಮ ಎಂದಳಂತೆ.